ತಾತನ ಪಿಂಗಾಣಿ ತಟ್ಟೆಯ ಸೀಳು

ಆ ಕಾಲದಲ್ಲಿ ಚಳಿ ಬಂತೆಂದು ನಮಗೆ ಮೊದಲು ತಿಳಿಸುತ್ತಿದ್ದುದು ಮೂಗು. ನಮ್ಮೂರು ಬೇರಿಕೆಯ ಸುತ್ತಿನ ಹೊಲಗಳಲ್ಲಿ ಅವರೆ ಬಲಿಯುತ್ತಿದ್ದಂತೆ ಊರಿನ ಗೋಡೆಗಳಿಗೂ ಅದರ ಸೊಗಡು ಅಂಟಿಕೊಳ್ಳುತ್ತಿತ್ತು. ಆ ಕಡೆ ಬೆಳೆದವರು ಇದನ್ನು ಓದುತ್ತ ಬೆರಳ ತುದಿ ಮೂಸಿ ನೋಡಿಕೊಂಡರೆ ನನಗೆ ಆಶ್ಚರ್ಯವಿಲ್ಲ. ನಡುಮನೆಯಲ್ಲಿ ಕಾಯಿ ರಾಶಿ ಹಾಕಿಕೊಂಡು ಹೆಂಗಸರು ಬಿಡಿಸುತ್ತಿದ್ದರು. ನೆನೆದ ಕಾಳನ್ನು ಹಿಸುಕಿದರೆ ಬೇಳೆ ಸಿಪ್ಪೆಯಿಂದ ಚಿಮ್ಮುತ್ತದೆ. ಅದನ್ನು ಒಬ್ಬರ ಮುಖಕ್ಕೆ ಒಬ್ಬರು ಹಾರಿಸುವುದು ಮಕ್ಕಳ ಆಟ. ಮನೆ ತುಂಬ ಹಿಸುಕಿದ ಬೇಳೆಯ ಸಾರಿನ ಘಮ.

ಈಗಲೂ ಆ ವಾಸನೆ ಬಂದರೆ ಹಸಿವಾಗುವ ಮೊದಲು ನನಗೆ ಹೆದರಿಕೆಯಾಗುತ್ತದೆ. ಒಂದು ಅವರೆಕಾಯಿ ಕಾಲದ, ಒಂದೇ ದಿನದ ಹೆದರಿಕೆ.

ಯುದ್ಧ ನಡೆಯುತ್ತಿದ್ದ ವರ್ಷಗಳು. ಅಪ್ಪ ಮಿಲಿಟರಿ ಲಾರಿ ಓಡಿಸುವ ಕೆಲಸಕ್ಕೆ ಸೇರಿ ಎಲ್ಲೋ ಬರ್ಮಾ ಕಡೆ ಇದ್ದ. ಆಗ ನಾವು ಸೇಲಂ ಜಿಲ್ಲೆಯವರು. ಅಮ್ಮ ಮಾಲೂರಿನ ಕಡೆಯವಳು, ಅಂದರೆ ಮೈಸೂರು ಸೀಮೆ. ಗಾಡಿಯಲ್ಲಿ ಅರ್ಧ ದಿನದ ದಾರಿ ಅಷ್ಟೆ. ಆದರೂ ಆ ಮನೆಯಲ್ಲಿ ಅವಳು ‘ಆಚೆ ಸೀಮೆಯವಳು’ ಆಗಿಯೇ ಉಳಿದಳು. ಮನೆಯ ಯಜಮಾನ ತಾತ, ಅಪ್ಪನ ಅಪ್ಪ. ಅಡುಗೆಮನೆಯ ಯಜಮಾನಿಕೆ ದೊಡ್ಡಪ್ಪನ ಹೆಂಡತಿ ದೊಡ್ಡಮ್ಮನದು. ನಡುಮನೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂತು ದಿನವಿಡೀ ಕಾಳು ಹಿಸುಕುತ್ತಿದ್ದವಳು ದೊಡ್ಡಜ್ಜಿ, ತಾತನ ಅಣ್ಣನ ಹೆಂಡತಿ. ಅವಳ ಗಂಡ ಚಿಕ್ಕ ವಯಸ್ಸಿನಲ್ಲೇ ಹೊಟ್ಟೆನೋವಿನಿಂದ ತೀರಿಕೊಂಡಿದ್ದನಂತೆ. ಮಕ್ಕಳಿರಲಿಲ್ಲ. ಅವನ ಹೊಲಗಳೂ ಅವನು ಉಣ್ಣುತ್ತಿದ್ದ ತಟ್ಟೆಯೂ ತಾತನಿಗೆ ಬಂದವು. ದೊಡ್ಡಜ್ಜಿಗೆ ಕಣ್ಣು ಮಂದವಾಗಿತ್ತು, ಬೆರಳು ಮಂದವಾಗಿರಲಿಲ್ಲ. ತಾತನನ್ನು ಹೆಸರು ಹಿಡಿದು ‘ಚಿಕ್ಕಣ್ಣ’ ಎಂದು ಕರೆಯುತ್ತಿದ್ದವಳು ಅವಳೊಬ್ಬಳೇ.

ನಾವೆಲ್ಲ ಕಂಚಿನ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ತಾತನದು ಮಾತ್ರ ಅಣ್ಣನಿಂದ ಬಂದ, ಬಿಳಿಯ ಮೇಲೆ ನೀಲಿ ಚಿತ್ರದ ಪಿಂಗಾಣಿ ತಟ್ಟೆ. ಯಾವುದೋ ಪಾಳೇಗಾರನ ಮನೆಯದು, ಅದಕ್ಕೆ ವಿಷ ಬಿದ್ದರೆ ತಾನಾಗಿ ಸೀಳು ಬಿಡುತ್ತದೆ ಎಂದು ಮನೆಯವರೆಲ್ಲ ನಂಬಿದ್ದರು. ತಾತ ಉಣ್ಣಲು ಕೂತಾಗ ನನ್ನನ್ನು ಕರೆದು, ಮುದ್ದೆಯನ್ನು ಸಾರಿನಲ್ಲಿ ಅದ್ದಿ, ಮೊದಲ ತುತ್ತನ್ನು ನನ್ನ ಬಾಯಿಗಿಡುತ್ತಿದ್ದ. ನಾನು ನುಂಗುವವರೆಗೆ ಮುಖ ನೋಡುತ್ತಿದ್ದು ಆಮೇಲೆ ತಾನು ಉಣ್ಣುತ್ತಿದ್ದ. ಮನೆಯಲ್ಲಿ ನನ್ನಷ್ಟು ಮುದ್ದಿನ ಮೊಮ್ಮಗ ಇನ್ನೊಬ್ಬನಿಲ್ಲ ಎಂದು ನಾನು ಬೀಗುತ್ತಿದ್ದೆ.

ಆ ತಟ್ಟೆ ಈಗ ನನ್ನ ಮೇಜಿನ ಮೇಲಿದೆ. ಮದರಾಸಿನಲ್ಲಿ ಓದಿ, ಕಂಡದ್ದನ್ನೆಲ್ಲ ಅನುಮಾನಿಸುವ ಚಟ ಹತ್ತಿಸಿಕೊಂಡ ಮೇಲೆ, ಇಂಥವುಗಳ ವಯಸ್ಸು ಹಿಡಿಯುವುದು ಹೇಗೆಂದು ಕೇಳಿ, ಓದಿ ತಿಳಿದುಕೊಂಡೆ. ನೀಲಿ ಒಂದೇ ಸಮ ಇಲ್ಲ. ಕುಂಚ ನಿಂತಲ್ಲಿ ದಟ್ಟ, ಎಳೆದಲ್ಲಿ ತೆಳು. ಅಚ್ಚೊತ್ತಿದ್ದಾದರೆ ಹೀಗಿರುವುದಿಲ್ಲ, ಇದು ಕೈಯಲ್ಲಿ ಬರೆದದ್ದು. ಮಗುಚಿದರೆ ತಳದ ಬಳೆಯಂಥ ಅಂಚಿಗೆ ಹೊಳಪು ಬಳಿದಿಲ್ಲ. ಅಲ್ಲಿ ಮಣ್ಣು ಬೆಂದು ತುಕ್ಕಿನ ಬಣ್ಣಕ್ಕೆ ತಿರುಗಿದೆ. ಮಾಡಿದ ದೇಶದ ಹೆಸರನ್ನು ಇಂಗ್ಲಿಷಿನಲ್ಲಿ ಒತ್ತುವ ಪದ್ಧತಿ ಆಮೇಲಿನದು, ಇದರಲ್ಲಿ ಅದಿಲ್ಲ. ಚೀನಾದಲ್ಲಿ ಹೊರದೇಶದವರಿಗೆ ಮಾರಲೆಂದೇ ಮಾಡಿ ಹಡಗಿಗೆ ಹಾಕಿದ ಮಾಲು, ಹೆಚ್ಚುಕಡಿಮೆ ಇನ್ನೂರು ವರ್ಷದ್ದು ಎಂದು ಧೈರ್ಯವಾಗಿ ಹೇಳಬಲ್ಲೆ. ವಿಷಕ್ಕೆ ಒಡೆಯುತ್ತದೆಂಬ ಮಾತಾದರೂ ಚೀನಾದ ಹಸಿರು ಪಾತ್ರೆಗಳ ಬಗ್ಗೆ ಹುಟ್ಟಿದ್ದಂತೆ. ನಮ್ಮವರು ಅದನ್ನು ನೀಲಿಗೂ ಹಚ್ಚಿದ್ದರು.

ತಟ್ಟೆಯ ಬಗ್ಗೆ ಇಷ್ಟು ಗೊತ್ತು. ನನ್ನ ಬಗ್ಗೆ ಇಷ್ಟು ಗೊತ್ತಿಲ್ಲ. ನನ್ನ ನೆನಪಿನ ತಟ್ಟೆಯಲ್ಲಿ ನೀರಿನ ಮೇಲೊಂದು ಸೇತುವೆ, ಅದರ ಮೇಲೆ ಇಬ್ಬರು, ಒಬ್ಬನ ಹಿಂದೆ ಒಬ್ಬ. ಮೇಜಿನ ಮೇಲಿನ ತಟ್ಟೆಯ ಸೇತುವೆಯಲ್ಲಿ ಒಬ್ಬನೇ ಇದ್ದಾನೆ. ಹಾಗಾಗಿ ಮುಂದಿನದನ್ನು ಎಷ್ಟು ನಂಬಬೇಕೆಂದು ನೀವೇ ನೋಡಿಕೊಳ್ಳಿ.

ಆ ಸಲ ತಾತನಿಗೆ ಕೆಲವು ದಿನಗಳಿಂದ ಹೊಟ್ಟೆನೋವಿತ್ತು. ಹೊತ್ತುಹೊತ್ತಿಗೂ ಅವರೆ ತಿಂದರೆ ಯಾರಿಗಾದರೂ ಬರುವಂಥದ್ದೇ. ಆದರೆ ಅವನು ಅಡುಗೆಮನೆಯ ಕಡೆ ನೋಡುವ ರೀತಿ ಬದಲಾಗಿತ್ತು. ಒಂದು ಬೆಳಗ್ಗೆ, ಇನ್ನೂ ಮಂಜು ಹರಿದಿರಲಿಲ್ಲ, ಅಮ್ಮ ಗೋಡೆಯ ಗೂಡಿನಿಂದ ತಣ್ಣನೆಯ ತಟ್ಟೆ ತೆಗೆದು ಮುದ್ದೆ ಇಟ್ಟು ಕುದಿಯುವ ಸಾರು ಬಿಟ್ಟಳು. ತಟ್ಟೆ ‘ಟಣ್’ ಎಂದಿತು.

ನಾನು ತುತ್ತಿಗಾಗಿ ಬಾಯಿ ತೆರೆದು ಕೂತಿದ್ದೆ. ತಾತ ಬೆರಳಿನಿಂದ ಸಾರನ್ನು ಸರಿಸಿದ. ಅಂಚಿನಿಂದ ಸೇತುವೆಯ ಕಡೆಗೆ ಕೂದಲಿನಂಥ ಒಂದು ಗೆರೆ.

"ಏನಮ್ಮಿ ಹಾಕ್ದೆ ಇದ್ರಲ್ಲಿ?"

"ಸಾರು, ಮಾವ."

ನಾಯಿಗೆ ಹಾಕಿ ನೋಡೋಣ ಎಂದು ದೊಡ್ಡಮ್ಮ ತೆಲುಗಿನಲ್ಲಿ ಅಂದಳು. ಮಕ್ಕಳಿಗೆ ತಿಳಿಯಬಾರದ ಮಾತು ಆ ಮನೆಯಲ್ಲಿ ತೆಲುಗಿಗೆ ತಿರುಗುತ್ತಿತ್ತು; ನಮಗೆ ಎಲ್ಲ ತಿಳಿಯುತ್ತಿತ್ತು. ಅವಳು ಒಂದಿಷ್ಟು ಸಾರು ಮುದ್ದೆ ತೆಗೆದು ಬಾಗಿಲಲ್ಲಿದ್ದ ನಾಯಿಗೆ ಹಾಕಿದಳು. ನಾಯಿ ಮೂಸಿ ಹಿಂದೆ ಸರಿಯಿತು. ನಾಯೀನೂ ಮುಟ್ಟಲಿಲ್ಲ ಎಂದು ದೊಡ್ಡಮ್ಮ ಎಲ್ಲರ ಮುಖ ನೋಡಿದಳು.

"ಬಾಯಿ ಸುಡ್ತೈತೆ ಕಣೇ ಅದ್ಕೆ. ನಿನಗಿಂತ ನಾಯಿಗೇ ಬುದ್ಧಿ ಐತೆ," ಎಂದಳು ಮೂಲೆಯಿಂದ ದೊಡ್ಡಜ್ಜಿ.

ತಾತ ಕೈ ತೊಳೆದು ಎದ್ದ. "ಬಿಸಿಲಿಳಿದ ಮ್ಯಾಲೆ ಗಾಡಿ ಕಟ್ಲಿ. ಇವ್ಳನ್ನ ಅವ್ರಪ್ಪನ ಮನೇಲಿ ಬಿಟ್ಟು ಬರ್ಲಿ. ಹುಡುಗ ಇಲ್ಲೇ ಇರ್ತಾನೆ."

ಅಮ್ಮ ಅಳುತ್ತಾಳೆಂದುಕೊಂಡೆ. ಮಾವನ ಎದುರು ಯಾವತ್ತೂ ಕೂರದವಳು ಅಲ್ಲೇ ಕೂತು, ತಟ್ಟೆಯನ್ನು ಎಳೆದುಕೊಂಡು, ಇದ್ದದ್ದನ್ನೆಲ್ಲ ಉಂಡಳು. ಕೊನೆಗೆ ಸಾರನ್ನು ಬೆರಳಲ್ಲಿ ಬಳಿದು ನೆಕ್ಕಿದಳು. ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ನಡೆದಳು.

ನಾನು ಹಿಂದೆಯೇ ಹೋದೆ. ವಿಷ ತಿಂದವರ ತುಟಿ ನೀಲಿಯಾಗುತ್ತದೆಂದು ಯಾರೋ ಹುಡುಗರು ಹೇಳಿದ್ದರು. ಬಚ್ಚಲ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅವಳು ತಟ್ಟೆ ತಿಕ್ಕುತ್ತಿದ್ದರೆ ನಾನು ಅವಳ ತುಟಿ ನೋಡುತ್ತ ನಿಂತೆ.

"ಏನ್ಲಾ ಹಂಗ್ ನೋಡ್ತೀಯ?"

"ಹೊಟ್ಟೆ ನೋಯ್ತೈತೇನಮ್ಮ?"

"ನೋಯ್ತೈತೆ. ತಾತನ್ ಪಾಲಿನ್ ಮುದ್ದೆ ಒಬ್ಳೇ ಉಂಡ್ರೆ ನೋಯ್ದೆ ಇರ್ತದಾ."

ಅವಳು ತಮಾಷೆಗೆ ಅಂದದ್ದು. ನನಗೆ ‘ನೋಯ್ತೈತೆ’ ಎಂಬುದು ಮಾತ್ರ ಕೇಳಿಸಿತು. ಆ ಹೊತ್ತೆಲ್ಲ ಅವಳ ಸೆರಗು ಬಿಡಲಿಲ್ಲ. ಅವಳು ಸಾಯುತ್ತಾಳೆಯೇ ಎಂಬ ಒಂದು ಭಯ. ಬದುಕಿದರೆ ಗಾಡಿ ಹತ್ತುತ್ತಾಳೆ ಎಂಬ ಇನ್ನೊಂದು. ತಟ್ಟೆಯನ್ನು ಅವಳು ಬಹಳ ಹೊತ್ತು ತಿಕ್ಕಿದಳು, ಬೂದಿ ಹಾಕಿ, ಹುಣಸೆ ಹಾಕಿ. ಅವಳ ಬೆರಳು ಎಣ್ಣೆಯ ಕುಡಿಕೆಗೂ ಹಂಡೆಯ ತಳದ ಮಸಿಗೂ ಹೋಗಿ ಬಂದಂತೆ ನನಗೆ ನೆನಪು. ಕಣ್ಣಾರೆ ಕಂಡದ್ದೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ ಹೇಳಲಾರೆ.

ಎತ್ತುಗಳ ಗಂಟೆ ಬಾಗಿಲಲ್ಲಿ ಕೇಳಿಸಿದಾಗ ಅವಳು ತಟ್ಟೆಯನ್ನು ತಂದು ತಾತನ ಮುಂದೆ ಹಿಡಿದಳು.

"ಮಾವ, ಇವತ್ ಬಿಟ್ಟ ಸೀಳಾದ್ರೆ ಒಳಗೆ ಬೆಳ್ಳಗಿರ್ಬೇಕು. ನೋಡಿ, ಕಂದು ಬಿದ್ದೈತೆ. ಎಷ್ಟು ವರ್ಷದ್ ಜಿಡ್ಡೋ ಇದು. ನಾನು ಈ ಮನೆಗ್ ಬರೋಕ್ ಮುಂಚಿನ್ದು."

ತಾತ ಬೆಳಕಿಗೆ ಹಿಡಿದು ನೋಡಿದ. ಗೆರೆ ನಿಜವಾಗಿಯೂ ಕಂದಾಗಿತ್ತು. ಅವನ ಭುಜ ಸಡಿಲಾಯಿತು. ಹೌದು, ಹಳೇದೇ, ನಾನೇ ಗಮನಿಸಿರಲಿಲ್ಲ ಎಂದ.

"ಇಲ್ಲಿ ಕೊಡಮ್ಮಿ," ಎಂದಳು ದೊಡ್ಡಜ್ಜಿ.

ಅಮ್ಮ ಕೊಟ್ಟಳು. ದೊಡ್ಡಜ್ಜಿ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಸೀಳಿನ ಮೇಲೆ ಉಗುರು ಎಳೆದಳು. ಅಂಚಿನಿಂದ ಒಳಕ್ಕೆ, ಒಳಗಿನಿಂದ ಅಂಚಿಗೆ.

"ಹಳೇದಾ ಚಿಕ್ಕಣ್ಣ? ಎಷ್ಟು ಹಳೇದು?"

ತಾತ ಬಾಗಿಲ ಕಡೆ ತಿರುಗಿದ.

"ನಿಮ್ಮಣ್ಣ ಉಣ್ತಿದ್ದಾಗಿಂದಾ?"

ತಾತ ಬಾಗಿಲ ಚೌಕಟ್ಟು ಹಿಡಿದುಕೊಂಡ. ಮುಖದ ಬಣ್ಣ ಹೋಯಿತು. ಗಾಡಿ ಬಿಚ್ಚುವಂತೆ ಹೊರಗಿದ್ದವರಿಗೆ ಕೂಗಿ ಹೇಳಿ ಹೊಲದ ಕಡೆ ಹೊರಟುಹೋದ. ದೊಡ್ಡಜ್ಜಿ ತಟ್ಟೆಯನ್ನು ಪಕ್ಕಕ್ಕಿಟ್ಟು ಮತ್ತೆ ಕಾಳು ಹಿಸುಕತೊಡಗಿದಳು.

ಅಮ್ಮ ಉಳಿದಳು. ತಟ್ಟೆ ಅಟ್ಟಕ್ಕೆ ಹೋಯಿತು. ಅಂದಿನಿಂದ ತಾತ ಬೇರೆ ಯಾರು ಬಡಿಸಿದರೂ ಉಣ್ಣಲಿಲ್ಲ, ಅಮ್ಮನೇ ಬಡಿಸಬೇಕು. ಕೂರುವ ಜಾಗವನ್ನೂ ಬದಲಿಸಿದ. ಅಲ್ಲಿಂದ ದೊಡ್ಡಜ್ಜಿಯ ಕೈಗಳು ಕಾಣುತ್ತಿದ್ದವು. ಅವಳು ಹಿಸುಕಿದ ಬೇಳೆಯ ಸಾರನ್ನು ತಾತ ಮತ್ತೆ ಮುಟ್ಟಲಿಲ್ಲ. ದೊಡ್ಡಜ್ಜಿ ಸಾಯುವವರೆಗೂ ಹಿಸುಕಿದಳು, ಮತ್ತೇನೂ ಕೇಳಲಿಲ್ಲ.

ಅಮ್ಮನಿಗೆ ವಯಸ್ಸಾದ ಮೇಲೆ, ಆವತ್ತು ಸೀಳಿಗೆ ಮಸಿ ತಿಕ್ಕಿದ್ದೆಯಾ ಎಂದು ಕೇಳಿದೆ. "ತಟ್ಟೆ ಅಂದ್ಮ್ಯಾಲೆ ತಿಕ್ಕಬಾರ್ದಾ?" ಎಂದು ನಕ್ಕಳು. ಈಗ ಗೆರೆಯಿಡೀ ಒಂದೇ ಬಣ್ಣ. ತಟ್ಟೆಯ ವಯಸ್ಸು ಹೇಳಬಲ್ಲ ನನಗೆ ಸೀಳಿನ ವಯಸ್ಸು ಹೇಳಲು ಬರುವುದಿಲ್ಲ. ತಣ್ಣನೆಯ ಪಿಂಗಾಣಿಗೆ ಕುದಿಯುವ ಸಾರು ಬಿದ್ದರೆ ಸೀಳುತ್ತದೆ. ಅದು ಯಾವ ವಿಷಕ್ಕೂ ಸಾಕ್ಷಿಯಲ್ಲ, ಹೊಸದಾಗಲಿ ಹಳೆಯದಾಗಲಿ. ಹಾಗಾದರೆ ಅಮ್ಮನಂತೆ ತಾತನೂ ನಿರಪರಾಧಿ. ಆದರೆ ತಾತ ತಟ್ಟೆಯನ್ನು ನಂಬಿದ್ದವನು. ನಂಬಿದವನು, ಏನೂ ಮಾಡದವನು, ‘ನನ್ನಣ್ಣನಿಗೆ ವಿಷವಿಟ್ಟವರು ಯಾರು’ ಎಂದು ಕೇಳಬೇಕಿತ್ತು. ಅವನು ಕೇಳಲಿಲ್ಲ. ಅವನ ಮುಖದ ಬಣ್ಣ ಹೋದದ್ದನ್ನು ನಾನು ನೋಡಿದೆ. ಸೇತುವೆಯ ಮೇಲೆ ಇಬ್ಬರನ್ನು ನೋಡಿದವನೂ ನಾನೇ.

ಬೇರಿಕೆಯ ಹೊಲಗಳಲ್ಲಿ ಈಗಲೂ ಅವರೆ ಬರುತ್ತದೆ, ಸೊಗಡು ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದರ ಲೆಕ್ಕವಿಲ್ಲ. ಆ ದಿನದ ನಂತರ ತಾತ ನನ್ನನ್ನು ತುತ್ತಿಗೆ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಬಾಲ್ಯದಲ್ಲಿ ಆ ತುತ್ತಿನಷ್ಟು ಸವಿಯಾದದ್ದು ಇನ್ನೊಂದಿರಲಿಲ್ಲ. ಅದನ್ನು ನೆನೆದಾಗಲೆಲ್ಲ ಈಗ ಕಾಣುವುದು, ನಾನು ನುಂಗುವವರೆಗೆ ಕಾಯುತ್ತ ನನ್ನ ಮುಖವನ್ನೇ ನೋಡುತ್ತಿದ್ದ ಆ ಕಣ್ಣುಗಳು.