ಮ್ಯಾಲಿಂದ ಬಂದ ಖತ

ಬ್ಯಾಂಕು ನನ್ನನ್ನು ನಾಶಿಕದಿಂದ ಸಂಭಾಜಿನಗರಕ್ಕೆ ಎತ್ತಿ ಹಾಕಿದಾಗ ಸಾಮಾನಿನ ಜೊತೆಗೆ ಒಂದು ಪೊಟ್ಟಣ ತುಂಬೆ ಬೀಜವೂ ಬಂತು. ಅದು ಕಲಬುರಗಿ ಸೀಮೆಯ ನನ್ನ ಹೆಂಡತಿಯ ತವರಿನ ಆಸ್ತಿ. ಶ್ರಾವಣ ಸೋಮವಾರ ಶಿವನ ತಲೆಯ ಮೇಲೆ ಮನೆಯಂಗಳದ ತುಂಬೆಹೂವೇ ಏರಬೇಕೆಂಬುದು ಅವರ ಪದ್ಧತಿ. ಪೇಟೆಯ ಹೂವು ಶಿವನಿಗೆ ನಡೆದೀತು, ಆಕೆಗೆ ನಡೆಯದು. ಅಂಗಳವಿಲ್ಲದ ನಾವು ಬಾಲ್ಕನಿಯನ್ನೇ ಅಂಗಳವೆಂದು ಘೋಷಿಸಿ, ಸಾಲಾಗಿ ಕುಂಡಗಳನ್ನಿಟ್ಟು ಬೀಜ ಚೆಲ್ಲಿದೆವು.

ಬಾಲ್ಕನಿಯ ಕೆಳಗೇ ಕಾರ್ಖಾನೆಗಳ ಬಿಡಕಿನ್ ಕಡೆಗೆ ಹೋಗುವ ರಸ್ತೆ. ಹೋಗುವ ಲಾರಿ, ಬರುವ ಲಾರಿ, ಎಲ್ಲವೂ ನಮ್ಮ ಅಂಗಳಕ್ಕೆ ತಪ್ಪದೆ ಧೂಪ ಹಾಕುತ್ತಿದ್ದವು. ಮಳೆ ಬಿದ್ದದ್ದೇ ತಡ, ತುಂಬೆ ಎದ್ದು ನಿಂತಿತು. ಊರಿನ ಬದುವಿನಲ್ಲಿ ಗೇಣುದ್ದ ಬೆಳೆದು ಮೈತುಂಬ ಹೂ ಬಿಡುವ ಬಡಪಾಯಿ ಗಿಡ ಇಲ್ಲಿ ಬಡ್ತಿ ಸಿಕ್ಕ ಅಧಿಕಾರಿಯಂತೆ ಅಗಲವಾಯಿತು. ಎಲೆಯೋ ಎಲೆ. ಹೂವಿನ ಸುಳಿವಿಲ್ಲ. ಬುಡದಲ್ಲಿ ಯಾರೂ ಕರೆಯದ ಗರಿಕೆ ಬೇರೆ ಬಂದು ಸಂಸಾರ ಹೂಡಿತ್ತು.

“ಇದಕ್ಕ ಏನರ ಹಾಕೀರೇನ್ರಿ ನೀವು?” ಹೆಂಡತಿ ಕೇಳಿದಳು.

“ಒಂದು ಹಿಡಿ ಗೊಬ್ಬರಾನೂ ಹಾಕಿಲ್ಲ.”

ಮಗಳು ಕೃಷಿ ಕಾಲೇಜಿನಲ್ಲಿ ಓದುತ್ತಾಳೆ. ಬೆಳೆದದ್ದೆಲ್ಲ ಈ ಕಡೆ. ಅವಳ ಕನ್ನಡ ಮರಾಠಿಯ ಊರುಗೋಲಿಲ್ಲದೆ ನಾಲ್ಕು ಹೆಜ್ಜೆ ನಡೆಯದು. ಕುಂಡಗಳನ್ನು ನೋಡಿ ಹೇಳಿದಳು: “ಪಪ್ಪಾ, ಮ್ಯಾಲಿಂದ ಖತ ಬಂದದ.”

ಉರ್ದು ಬೆರೆತ ಕಲಬುರಗಿ ಮಾತಿನಲ್ಲೇ ಬೆಳೆದ ನನ್ನ ಕಿವಿಗೆ ಖತ್ ಎಂದರೆ ಕಾಗದ. ಬ್ಯಾಂಕಿನವನಿಗೆ ಮೇಲಿನಿಂದ ಬರುವ ಕಾಗದ ಒಂದೇ.

“ಮತ್ತ ವರ್ಗಾವಣೆನಾ? ಎಲ್ಲಿಗಂತ?”

“ಅದಲ್ಲ ಪಪ್ಪಾ. ಮರಾಠಿ ಖತ. ಗೊಬ್ಬರ.” ನಕ್ಕು ಮುಗಿದ ಮೇಲೆ ಪಾಠ ಶುರುವಾಯಿತು. “ಗಾಡಿ ಹೊಗಿಯೊಳಗ ನೈಟ್ರೋಜನ್ ಇರ್ತದ. ಮಳಿ ಜೋಡಿ, ಧೂಳಿನ ಜೋಡಿ ಮಣ್ಣಿಗೆ ಇಳೀತದ. ದಿನಾ ಚೂರು ಚೂರು ಯೂರಿಯಾ ಹಾಕಿದಂಗ. ಎಲಿ ಮಸ್ತ್ ಬರ್ತದ, ಹೂವು ಹಿಂದ ಬೀಳ್ತದ. ಮಣ್ಣೂ ಹುಳಿ ಆಗ್ತದ. ಹುಲ್ಲಿಗೆ ಮಜಾ, ತುಂಬಿಗೆ ಸಜಾ.”

“ಹಸಿದಾಗ ಹೂ ಬಿಡ್ತಿತ್ತು, ಈಗ ಉಂಡು ಮಲಗ್ಯದ ಅನ್ನು,” ಎಂದ ಹೆಂಡತಿ ಗಿಡವನ್ನು ಬಿಟ್ಟು ನನ್ನ ಹೊಟ್ಟೆಯನ್ನು ನೋಡಿದಳು.

ಗರಿಕೆ ಕಿತ್ತೆವು, ಮತ್ತೆ ಬಂತು. ಮಣ್ಣು ಬದಲಿಸಿದೆವು, ಲಾರಿಗಳನ್ನು ಬದಲಿಸಲಾಗಲಿಲ್ಲ. ಶ್ರಾವಣದ ಸೋಮವಾರಗಳು ಒಂದೊಂದಾಗಿ ಜಾರಿದವು. ಕೊನೆಯ ಸೋಮವಾರ ಆಕೆ ತುಂಬೆಯ ಎಲೆಯನ್ನೇ ಲಿಂಗದ ಮೇಲಿಟ್ಟು, “ಈ ಊರಿನ ಹವಾ ಹಿಂಗ ಅದ, ನೀನೇ ನೋಡು,” ಎಂದು ದೇವರಿಗೇ ವರದಿ ಒಪ್ಪಿಸಿದಳು. ನಾನು ಹಾಸ್ಯ ಮಾಡಲಿಲ್ಲ.

ಹಿಂದೆಯೇ ಗಣೇಶ ಚೌತಿ. ಪಕ್ಕದ ಮನೆಯ ಮರಾಠಿ ಹೆಂಗಸು ಬಾಲ್ಕನಿ ಕಂಡು ಕೈ ಜೋಡಿಸಿದಳು: “ವಹಿನಿ, ಕಿತೀ ಛಾನ್ ದುರ್ವಾ!” ಎಷ್ಟು ಚಂದದ ಗರಿಕೆ ಅತ್ತಿಗೆ, ಎಂದು; ಗಣಪನ ಪೂಜೆಗೆ ಗರಿಕೆಯಿಲ್ಲದೆ ಆಗದು. ಮರುದಿನದಿಂದ ಕಟ್ಟಡದವರೆಲ್ಲ ನಮ್ಮ ಗರಿಕೆಗೆ ಸರದಿ ನಿಂತರು. ಅಪ್ಪನಿಗೆ ಹೂ ತಪ್ಪಿಸಿದ ಆಕಾಶ ಮಗನಿಗೆ ಹುಲ್ಲು ಧಾರಾಳವಾಗಿ ಕಳಿಸಿತ್ತು. ಹೆಂಡತಿ ನಗುತ್ತಲೇ ಎಲ್ಲರಿಗೂ ಕಿತ್ತು ಕೊಟ್ಟಳು.

ಉಳಿದ ಬೀಜವನ್ನು ಮಾತ್ರ ಪೊಟ್ಟಣ ಕಟ್ಟಿ ಕಪಾಟಿಗೆ ಸೇರಿಸಿದಳು.

“ಮುಂದಿನ ವರ್ಷ ಬಿತ್ತಂಗಿಲ್ಲೇನು?” ಕೇಳಿದೆ.

“ಮೊದಲ ಮ್ಯಾಲಿಂದ ನಿಮ್ಮ ಖತ್ ಬರಲಿ.”