ಹೊಸ ಹುಡುಗನನ್ನು ಕಣಕ್ಕಿಳಿಸಿದ ಭಾನುವಾರ

ಒಂದು ಸಂಜೆ ನನ್ನ ಗಂಡ ಪ್ಲಾಂಟಿನಿಂದ ಬಂದವನೇ, ಶೂ ಬಿಚ್ಚುವ ಮೊದಲೇ, "ನಿನಗೊಂದು ಟೀಮ್ ಕೊಡಿಸೇನಿ ನೋಡು" ಅಂದ. ಗಲ್ಫಿನ ಉಮ್ಮ್ ಸಲಾಲ್ ಊರಿನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಾನು ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತಿದ್ದೆ.

"ಯಾವ ಟೀಮ್? ನನಗ್ಯಾಕ ಟೀಮ್?"

ಅವನ ಆಫೀಸಿನಲ್ಲಿ ಅಮೆರಿಕದ ಮ್ಯಾನೇಜರ್ ಒಬ್ಬರು ಫ್ಯಾಂಟಸಿ ಫುಟ್‌ಬಾಲ್ ಲೀಗ್ ನಡೆಸುತ್ತಿದ್ದರು. ಇಲ್ಲಿ ಎಲ್ಲರೂ ಆಡುವ ಕಾಲ್ಚೆಂಡಲ್ಲ, ಅಮೆರಿಕದವರ ಫುಟ್‌ಬಾಲ್; ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಲೀಗಿನಲ್ಲಿ ಒಬ್ಬೊಬ್ಬರಿಗೂ ಕಾಗದದ ಮೇಲೊಂದು ತಂಡ. ಅದರಲ್ಲಿರುವ ಆಟಗಾರರು ಭಾನುವಾರ ಅಲ್ಲಿ ನಿಜವಾದ ಮೈದಾನದಲ್ಲಿ ಏನು ಮಾಡುತ್ತಾರೋ ಅದರ ಪಾಯಿಂಟು ಇಲ್ಲಿ ನಮ್ಮ ಲೆಕ್ಕಕ್ಕೆ. ದುಡ್ಡಿನ ಮಾತಿಲ್ಲ, ಸೀಸನ್ ಮುಗಿದಾಗ ಪಟ್ಟಿಯ ಕೊನೆಯಲ್ಲಿರುವವರು ಎಲ್ಲರಿಗೂ ಕರಕ್ ಚಹಾ ಕುಡಿಸಬೇಕು, ಅಷ್ಟೆ. ಸೀಸನ್ ಶುರುವಾಗಿ ಎರಡು ವಾರಕ್ಕೇ ಒಬ್ಬ ಇಂಜಿನಿಯರ್ ಬೇರೆ ದೇಶದ ಪ್ರಾಜೆಕ್ಟಿಗೆ ಹೋಗಿಬಿಟ್ಟಿದ್ದ. ಅವನು ಬಿಟ್ಟುಹೋದ ತಂಡಕ್ಕೆ, ಆ ಲೀಗಿನಲ್ಲಿ ತನ್ನದೂ ಒಂದು ತಂಡವಿದ್ದ ನನ್ನ ಗಂಡ, ನನ್ನ ಹೆಸರು ಕೊಟ್ಟು ಬಂದಿದ್ದ.

"ನನ್ನ ಕೇಳಿದಿಯೇನು?"

"ಕಾಲೇಜಿನಾಗ ಖೋ ಖೋ ಕ್ಯಾಪ್ಟನ್ ಇದ್ದಾಕಿ ನೀ. ಇದೇನು ಮಹಾ!"

ನಾವಿಬ್ಬರೂ ಧಾರವಾಡದ ಒಂದೇ ಕಾಲೇಜಿನವರು. ಅವನು ಕ್ರಿಕೆಟ್ ತಂಡದಲ್ಲಿ ಬಹುಮಟ್ಟಿಗೆ ನೀರು ಕೊಡುತ್ತಿದ್ದ. ಹಾಗಾಗಿ ನಮ್ಮಲ್ಲಿ 'ರೀ' ಅನ್ನುವ ಮಾತಿಲ್ಲ, ಆಟದ ವಿಷಯ ಬಂದರಂತೂ ಒಬ್ಬರನ್ನೊಬ್ಬರು ಬಿಡುವವರೂ ಅಲ್ಲ.

ಊಟ ಮಾಡಿ ಫೋನಿನಲ್ಲಿ ನನ್ನ ತಂಡವನ್ನು ತೆರೆದು ನೋಡಿದೆ. ಕೆಲವರು ಒಳ್ಳೆಯವರಂತೆ, ಕೆಲವರು ಪರವಾಗಿಲ್ಲವಂತೆ, ಎಲ್ಲದಕ್ಕೂ ನನ್ನ ಗಂಡನದೇ ವ್ಯಾಖ್ಯಾನ. ಎಲ್ಲರಿಗಿಂತ ಕೆಳಗೆ, ಆಡಿಸದೆ ಕೂರಿಸಿದವರ, ಅಂದರೆ ಪಾಯಿಂಟು ಲೆಕ್ಕಕ್ಕೆ ಬಾರದವರ ಸಾಲಿನಲ್ಲಿ ಒಬ್ಬ ಹೊಸ ಹುಡುಗನಿದ್ದ. ಕಾಲೇಜು ಮುಗಿಸಿ ಈ ವರ್ಷವೇ ದೊಡ್ಡ ಆಟಕ್ಕೆ ಬಂದವನು. ವೈಡ್ ರಿಸೀವರ್. ಅಂದರೆ ಮೈದಾನದ ಅಂಚಿನಲ್ಲಿ ನಿಂತು, ಓಡಿ, ಬೆನ್ನು ಹತ್ತಿದವನನ್ನು ತಪ್ಪಿಸಿ, ದೂರದಿಂದ ಎಸೆದ ಚೆಂಡನ್ನು ಹಿಡಿಯುವವನು. ಎರಡು ವಾರಗಳಲ್ಲಿ ಅವನ ಹೆಸರಿನ ಮುಂದೆ ಹೆಚ್ಚುಕಡಿಮೆ ಸೊನ್ನೆ.

"ಇವನ್ನ ಮೊದಲ ತಗದ ಒಗಿ" ಅಂದ ನನ್ನ ಗಂಡ.

ಒಗೆಯುವ ಮೊದಲು ಒಮ್ಮೆ ಮುಖವನ್ನಾದರೂ ನೋಡೋಣ ಅಂತ ಅವನ ಒಂದು ವಿಡಿಯೋ ಹಾಕಿದೆ. ಅಲ್ಲಿಗೆ ಮುಗಿಯಿತು ನನ್ನ ಕಥೆ.

ಹುಡುಗ ನೇರ ಓಡುತ್ತಿದ್ದ, ಅವನ ಎದುರಿಗಿದ್ದ ರಕ್ಷಕ ಹಿಂದಕ್ಕೆ ಓಡುತ್ತಿದ್ದ. ಇದ್ದಕ್ಕಿದ್ದಂತೆ ಹುಡುಗನ ಎಡಭುಜ ಸ್ವಲ್ಪ ವಾಲಿತು. ರಕ್ಷಕ ಆ ಕಡೆಗೆ ತಿರುಗಿದ. ಅಷ್ಟರಲ್ಲಿ ಇವನು ಎಡಗಾಲು ಊರಿ, ಗಕ್ಕನೆ ನಿಂತು, ಈ ಕಡೆಗೆ ಹೊರಳಿಬಿಟ್ಟಿದ್ದ. ಸುತ್ತ ನಾಲ್ಕು ಮಾರು ಖಾಲಿ ಜಾಗ. ಚೆಂಡು ಮಾತ್ರ ಇನ್ಯಾರ ಕಡೆಗೋ ಹೋಯಿತು. ನನಗೆ ಮೈ ಜುಮ್ಮೆಂದಿತು. ಖೋ ಖೋದಲ್ಲಿ ಬೆನ್ನಟ್ಟುವವಳನ್ನು ಕಂಬದ ಹತ್ತಿರ ತಪ್ಪಿಸುವುದು ಹೀಗೆಯೇ. ಭುಜ ಒಂದು ಸುಳ್ಳು ಹೇಳಬೇಕು, ಸೊಂಟ ಕೊನೆಯವರೆಗೂ ಗುಟ್ಟು ಬಿಡಬಾರದು. ನಾನು ಅದನ್ನು ಕಲಿಯಲು ಎಷ್ಟು ಸಲ ಮೊಣಕಾಲು ತರಚಿಸಿಕೊಂಡಿದ್ದೇನೋ! ಈ ಹುಡುಗನಿಗೆ ಅದು ಉಸಿರಾಟದ ಹಾಗೆ ಬರುತ್ತಿತ್ತು.

"ಇವನ್ನ ನಾ ಬಿಡಂಗಿಲ್ಲ" ಅಂದೆ.

ಆ ವಾರವೆಲ್ಲ ನನಗೆ ಅದೇ ಧ್ಯಾನ. ನಾನು ಕೆಲಸ ಮಾಡುವುದು ಒಂದು ಕಟ್ಟಡ ಕಂಪನಿಯಲ್ಲಿ. ನಕ್ಷೆಗಳ ಹೊಸ ಹೊಸ ಪ್ರತಿಗಳನ್ನು ಸರಿಯಾದವರ ಕೈಗೆ ತಲುಪಿಸುವ ಕೆಲಸ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಮುಂದೆ ಮಾಡಿಕೊಂಡು ಹುಡುಗನ ಓಟ ನೋಡುತ್ತಿದ್ದೆ. ಮೂರನೆಯ ವಾರ ಅವನು ಎರಡೇ ಚೆಂಡು ಹಿಡಿದ. ನಾನೂ ಅವನನ್ನು ಕೂರಿಸಿಯೇ ಇಟ್ಟಿದ್ದೆ.

ಆಮೇಲಿನ ಗುರುವಾರ ಸಂಜೆ ಗಂಡನ ಆಫೀಸಿನವರೆಲ್ಲ ಹಳೇ ಪೇಟೆ ಸೂಕ್ ವಾಕಿಫ್‌ನಲ್ಲಿ ಊಟಕ್ಕೆ ಸೇರಿದ್ದರು. ಬೇಸಿಗೆ ಇನ್ನೂ ಹೋಗಿರಲಿಲ್ಲವಾದರೂ ಹೊರಗೆ ಕೂರಬಹುದಾದಷ್ಟು ಗಾಳಿ ಇತ್ತು. ಆ ಮ್ಯಾನೇಜರ್ ನನ್ನ ಪಕ್ಕದಲ್ಲೇ ಕೂತಿದ್ದರು. ಬಿಳಿ ಗಡ್ಡದ, ಎತ್ತರದ ಮನುಷ್ಯ. ನಾನು ಹುಡುಗನ ವಿಷಯ ತೆಗೆದದ್ದೇ ತಡ, ಅವರು ತಟ್ಟೆಯಲ್ಲಿದ್ದ ಆಲಿವ್ ಬೀಜಗಳನ್ನೆಲ್ಲ ಮೇಜಿನ ಮೇಲೆ ಹರವಿಕೊಂಡರು.

"ಚೆನ್ನಾಗಿ ಓಡುತ್ತಾನೆ, ಒಪ್ಪಿದೆ" ಅಂದರು ಇಂಗ್ಲಿಷಿನಲ್ಲಿ. "ಆದರೆ ಚೆನ್ನಾಗಿ ಓಡುವ ಹುಡುಗರು ಪ್ರತಿ ವರ್ಷ ಬರುತ್ತಾರೆ, ಹೋಗುತ್ತಾರೆ. ನೀವು ನೋಡಬೇಕಾದ್ದು ಮೂರು. ಅವನನ್ನು ಎಷ್ಟು ಹೊತ್ತು ಮೈದಾನದಲ್ಲಿ ಬಿಡುತ್ತಾರೆ? ಬಿಟ್ಟಾಗ ಅವನ ಕಡೆಗೆ ಚೆಂಡು ಎಷ್ಟು ಸಲ ಬರುತ್ತದೆ? ಕಷ್ಟದ ಹೊತ್ತಿನಲ್ಲಿ ಚೆಂಡು ಎಸೆಯುವವನು ಯಾರನ್ನು ಹುಡುಕುತ್ತಾನೆ?"

"ಹಿಡಿದದ್ದು ಎಷ್ಟು ಅನ್ನುವುದು ಬೇಡವೇ?"

"ಅದು ಆಮೇಲೆ. ಹೊಸಬನ ವಿಷಯದಲ್ಲಿ ಮೊದಲು ನಂಬಿಕೆ ಬರುತ್ತದೆ, ಹಿಂದಿನಿಂದ ಪಾಯಿಂಟು."

ನಾನು ಅವರ ಬೀಜಗಳನ್ನೇ ಸಾಲಾಗಿ ಜೋಡಿಸಿ ಖೋ ಖೋ ವಿವರಿಸಿದೆ. ಒಬ್ಬರು ಈ ಕಡೆ ಮುಖ, ಇನ್ನೊಬ್ಬರು ಆ ಕಡೆ ಮುಖ, ಎದ್ದವಳು ಹಿಂದಕ್ಕೆ ತಿರುಗುವಂತಿಲ್ಲ. ಅವರು ಮಗುವಿನಂತೆ ಕೇಳಿದರು. "ಹಿಂದಕ್ಕೆ ತಿರುಗುವಂತೆಯೇ ಇಲ್ಲವೇ? ಹಾಗಾದರೆ ತಪ್ಪಿಸಿಕೊಂಡು ಓಡುವವರೇ ದೇವರು!" ಅಂದರು. ನನ್ನ ಗಂಡ ಎದುರಿನಿಂದ, "ಆಕೆ ಈಗಲೂ ಹಂಗ ತಿಳ್ಕೊಂಡಾಳ" ಅಂತ ಕನ್ನಡದಲ್ಲಿ ಗೊಣಗಿದ.

ಆ ವಾರವೇ ಲೀಗಿನಲ್ಲಿ ನಮ್ಮಿಬ್ಬರ ತಂಡಗಳು ಎದುರುಬದುರು ಬಿದ್ದಿದ್ದವು. ಅದರ ಮೇಲೆ ಇನ್ನೊಂದು: ನನ್ನ ತಂಡದಲ್ಲಿ ಒಬ್ಬ ಹಳೆಯ, ನಂಬಿಕಸ್ಥ ರಿಸೀವರ್ ಇದ್ದ, ಅವನಿಗೆ ಮೊಣಕಾಲು ನೋವು. ಆಡಬಹುದು, ಆಡದಿರಬಹುದು ಅಂತ ಸುದ್ದಿ. ಅವನನ್ನು ಇಡುವುದೋ, ಹೊಸ ಹುಡುಗನನ್ನು ಇಳಿಸುವುದೋ?

ಶುಕ್ರವಾರ ಬೆಳಿಗ್ಗೆ ಸೋಫಾದ ಮೇಲೆ ಕೂತು, ಹಿಂದಿನ ವಾರದ ಆಟವನ್ನು ಮೊದಲಿನಿಂದ ಕೊನೆಯವರೆಗೆ, ಚೆಂಡನ್ನು ಬಿಟ್ಟು ಹುಡುಗನೊಬ್ಬನನ್ನೇ ನೋಡಿದೆ. ಆಗ ಕಣ್ಣಿಗೆ ಬಿತ್ತು. ಮೊದಲರ್ಧದಲ್ಲಿ ಅವನು ಬೆಂಚಿನಲ್ಲೇ ಇದ್ದ. ಎರಡನೆಯ ಅರ್ಧದಲ್ಲಿ ಅಲ್ಲಿಯ ಅವನ ತಂಡದ ಬೇರೊಬ್ಬ ಹಿರಿಯ ಕುಂಟುತ್ತ ಹೊರಗೆ ಹೋದ ಮೇಲೆ ಹುಡುಗ ಒಳಗೆ ಬಂದವನು ಮತ್ತೆ ಹೊರಗೆ ಹೋಗಲೇ ಇಲ್ಲ. ಕೊನೆಯ ಕ್ಷಣಗಳಲ್ಲಿ, ಸೋಲುವಂತಿದ್ದಾಗ, ಚೆಂಡು ಎಸೆಯುವವನ ತಲೆ ಎರಡು ಸಲ ಮೊದಲು ಇವನ ಕಡೆಗೇ ತಿರುಗಿತ್ತು. ಒಂದನ್ನು ಹಿಡಿದ. ಒಂದು ಕೈಗೆ ಬಂದದ್ದು ಜಾರಿತು.

ಆ ಜಾರಿದ್ದನ್ನು ಮತ್ತೆ ಮತ್ತೆ ನೋಡಿದೆ. ಚೆಂಡು ಕೈ ಸೇರುವ ಮೊದಲೇ ಹುಡುಗನ ಕಣ್ಣು ಮುಂದಿನ ಓಟದ ಕಡೆ ಹೋಗಿತ್ತು. ಅವಸರ. ಅಂಜಿಕೆಯ ಅವಸರವೋ ಆಸೆಯ ಅವಸರವೋ ಅನ್ನುವುದು ವಿಡಿಯೋದಲ್ಲಿ ಗೊತ್ತಾಗುವುದಿಲ್ಲ. ಅಂಜಿಕೆಯದಾಗಿದ್ದರೆ ನನ್ನ ಭಾನುವಾರ ಹಾಳು.

ನನ್ನ ಗಂಡ ಚಹಾ ತಂದುಕೊಟ್ಟ. ಕೇಳದೆ ಚಹಾ ತಂದುಕೊಟ್ಟದ್ದೇ ಅನುಮಾನ ಹುಟ್ಟಿಸಿತು.

"ನೋಡು, ಆಟ ಬ್ಯಾರೆ, ಸಂಸಾರ ಬ್ಯಾರೆ. ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ" ಅಂದ. "ಹಳೇ ಮನುಷ್ಯಾನ್ನ ಇಡು. ಅವಗ ಅನುಭವ ಐತಿ. ಈ ಪೋರ ಕೈ ಕೊಡತಾನ."

"ನಿನ್ನ ತಂಡದ ಎದುರಿಗೆ ನಾ ಯಾರನ್ನ ಇಡಬೇಕು ಅಂತ ನೀ ಹೇಳತೀ?"

"ಹೆಂಡತಿ ಅಂತ ಹೇಳೀನಿ."

"ಹಂಗಾದ್ರ ನೀ ಹುಡುಗಗ ಅಂಜೀದಿ" ಅಂದೆ. ಅವನು ನಕ್ಕು, ತನ್ನ ತಂಡ ನನಗೆ ಕಾಣದಂತೆ ಫೋನನ್ನು ತಿರುಗಿಸಿ ಹಿಡಿದುಕೊಂಡ.

ಭಾನುವಾರ ಇಲ್ಲಿ ವಾರದ ಮೊದಲ ಕೆಲಸದ ದಿನ. ಆಫೀಸಿನಲ್ಲಿ ಬೆಳಿಗ್ಗೆ ಹುಡುಗನನ್ನು ಇಳಿಸಿದೆ. ಊಟದ ಹೊತ್ತಿಗೆ ಧೈರ್ಯ ಸಾಲದೆ ಹಳಬನನ್ನು ಇಟ್ಟೆ. ಸಂಜೆ ಕಾರಿನಲ್ಲಿ ಸಿಗ್ನಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಹಾರ್ನ್ ಹೊಡೆಯುವವರೆಗೂ ಅದನ್ನೇ ಯೋಚಿಸಿದೆ. ಇಲ್ಲಿಯ ಎಂಟು ಗಂಟೆಗೆ ಅಲ್ಲಿ ಮಧ್ಯಾಹ್ನದ ಆಟ ಶುರು. ಅದಕ್ಕೆ ಸ್ವಲ್ಪ ಮೊದಲು ಸುದ್ದಿ ಬಂತು: ಹಳಬ ಆಡುತ್ತಾನೆ. ಅಂದರೆ ನೆಪ ಹೇಳಿಕೊಳ್ಳುವಂತಿಲ್ಲ, ನಿರ್ಧಾರ ನನ್ನದೇ. ಮೊಣಕಾಲು ನೋವಿದ್ದವನು ಗಕ್ಕನೆ ನಿಂತು ತಿರುಗಲಾರ, ಅದು ನನಗೆ ಗೊತ್ತಿತ್ತು. ಇಲ್ಲಿಯವರ ಹಾಗೆ "ಯಲ್ಲಾ, ನಡಿ" ಅಂತ ಗಟ್ಟಿಯಾಗಿ ಹೇಳಿ ಹುಡುಗನನ್ನು ಇಳಿಸಿದೆ.

"ಖರೇನ ಇಳಿಸಿದಿ?" ಗಂಡನ ಮುಖದಲ್ಲಿ ಸಂತೋಷವೋ ಗಾಬರಿಯೋ ಗೊತ್ತಾಗಲಿಲ್ಲ.

ಹುಡುಗನ ಕಡೆಗೆ ಬಂದ ಮೊದಲ ಚೆಂಡು ಎರಡೂ ಅಂಗೈಗೆ ಬಡಿದು ಕೆಳಗೆ ಬಿತ್ತು.

"ಖಲಾಸ್!" ನನ್ನ ಗಂಡ ಸೋಫಾದಿಂದ ಎದ್ದು ಕುಣಿದ. ಅದಾದ ಮೇಲೆ ಬಹಳ ಹೊತ್ತು ಅವನ ಕಡೆಗೆ ಏನೂ ಬರಲಿಲ್ಲ. ಆದರೆ ಒಂದನ್ನು ನಾನು ಗಮನಿಸುತ್ತಿದ್ದೆ: ಕೋಚ್ ಅವನನ್ನು ಹೊರಗೆ ಕರೆಯಲಿಲ್ಲ. ಪ್ರತಿ ಸಲವೂ ಅಂಚಿನಲ್ಲಿ ಅವನೇ. ಆಲಿವ್ ಬೀಜಗಳ ಆ ಮಾತು ನೆನೆಸಿಕೊಂಡು ಹಲ್ಲು ಕಚ್ಚಿ ಕೂತೆ.

ಎರಡನೆಯ ಅರ್ಧದಲ್ಲಿ ಒಂದು ಸಣ್ಣ ಚೆಂಡು ಬಂತು. ಹಿಡಿದ. ಈ ಸಲ ಕಣ್ಣು ಚೆಂಡಿನ ಮೇಲೆಯೇ ಇತ್ತು, ಎದೆಗೊತ್ತಿಕೊಂಡ ಮೇಲೆಯೇ ತಲೆ ಎತ್ತಿದ. ನಾನು ಸೋಫಾದ ತುದಿಗೆ ಬಂದೆ. ಮತ್ತೊಂದು ಹಿಡಿದ. ಆಮೇಲೆ ಇನ್ನೊಂದು. ಎದುರಿನ ರಕ್ಷಕ ಈಗ ಅವನಿಗೆ ಮೊದಲಿನಷ್ಟು ಜಾಗ ಕೊಡದೆ ಹತ್ತಿರ ಬಂದು ನಿಲ್ಲತೊಡಗಿದ್ದ.

"ನೋಡು, ಈಗ ನೋಡು" ಅಂದೆ. "ಅವ ಹತ್ತಿರ ಬಂದಾನ. ಈಗ ತಪ್ಪಸ್ತಾನ."

"ನಿನಗ ಹೆಂಗ ಗೊತ್ತು?"

ನಾನು ಟಿವಿಯ ಕಡೆ ಬೆರಳು ಮಾಡಿದೆ. ಹುಡುಗ ಓಡಿದ, ನಿಂತಂತೆ ಮಾಡಿದ, ಭುಜ ವಾಲಿಸಿದ. ರಕ್ಷಕ ಹಿಡಿಯಲು ಮುನ್ನುಗ್ಗಿ ಹುಲ್ಲಿನ ಮೇಲೆ ಜಾರಿದ. ಹುಡುಗ ನಿಂತಿರಲಿಲ್ಲ, ಅವನನ್ನು ದಾಟಿ ಆಗಲೇ ಬಯಲಿನಲ್ಲಿದ್ದ. ಚೆಂಡು ಬಹಳ ಎತ್ತರಕ್ಕೆ ಹೋಗಿ, ಬಹಳ ನಿಧಾನವಾಗಿ ಇಳಿದು, ಅವನ ಕೈಯಲ್ಲಿ ಕೂತಿತು. ಮುಂದೆ ಯಾರೂ ಇರಲಿಲ್ಲ. ಓಡಿದ, ಓಡಿದ, ಗೆರೆ ದಾಟಿಬಿಟ್ಟ.

ನಾನು ಏನಂತ ಕೂಗಿದೆನೋ ನನಗೆ ಗೊತ್ತಿಲ್ಲ. 'ಖೋ' ಅಂತ ಕೂಗಿದೆ ಅಂತ ನನ್ನ ಗಂಡ ಇವತ್ತಿಗೂ ಎಲ್ಲರ ಮುಂದೆ ಹೇಳುತ್ತಾನೆ. ಬಾಗಿಲ ಗಂಟೆ ಸದ್ದಾಯಿತು. ನನ್ನನ್ನು ತನ್ನ ಭಾಷೆಯಲ್ಲಿ ಅಕ್ಕ ಅಂತ ಕರೆಯುವ ಎದುರಿನ ಫ್ಲ್ಯಾಟಿನ ಮಲಯಾಳಿ ನರ್ಸ್, ಡ್ಯೂಟಿಯಿಂದ ಬಂದ ಉಡುಪಿನಲ್ಲೇ ಓಡಿ ಬಂದಿದ್ದಳು.

"ಕ್ಯಾ ಹುವಾ ಚೇಚಿ? ಯಾರು ಬಿದ್ದರು?"

"ಯಾರೂ ಬಿದ್ದಿಲ್ಲ. ನಮ್ಮ ಹುಡುಗ ಟಚ್‌ಡೌನ್ ಹೊಡೆದ!"

ನಮಗೆ ಮಕ್ಕಳಿಲ್ಲ ಅನ್ನುವುದು ಅವಳಿಗೆ ಗೊತ್ತು. ಒಂದು ಕ್ಷಣ ನನ್ನನ್ನೂ ಟಿವಿಯನ್ನೂ ನೋಡಿದಳು, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಆ ಓಟವನ್ನು ಮತ್ತೆ ತೋರಿಸಿದಾಗ ಅವಳೂ ಬಾಯಿಗೆ ಕೈ ಇಟ್ಟುಕೊಂಡಳು. ಮೂವರೂ ಹಿಂದಿನ ದಿನ ಮಾಡಿ ಉಳಿದಿದ್ದ ಎಣ್ಣೆಗಾಯಿ, ಖುಬೂಸ್ ರೊಟ್ಟಿ ತಿನ್ನುತ್ತ ಆಟ ಮುಗಿಯುವವರೆಗೆ ಕೂತೆವು.

ಗೆದ್ದೆನೇ? ಇಲ್ಲ. ಸೋಮವಾರದ ಆಟದಲ್ಲಿ ನನ್ನ ಗಂಡನ ಕಡೆ ಒಬ್ಬ ಕಿಕ್ಕರ್ ಉಳಿದಿದ್ದ. ಅವನು ಕಾಲಿನಿಂದ ಒದ್ದು ಒದ್ದು ಪಾಯಿಂಟು ತಂದ. ಮಂಗಳವಾರ ಬೆಳಿಗ್ಗೆ ಎದ್ದು ಫೋನ್ ನೋಡಿದರೆ ನಾನು ಕೂದಲೆಳೆಯಲ್ಲಿ ಸೋತಿದ್ದೆ. ನನ್ನ ಗಂಡ ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ವಿಜಯೋತ್ಸವ ಮಾಡಿದ. ಹಳಬನನ್ನು ಇಟ್ಟಿದ್ದರೆ ಇನ್ನೂ ದೊಡ್ಡದಾಗಿ ಸೋಲುತ್ತಿದ್ದೆ. ಅವನು ಮೊದಲರ್ಧಕ್ಕೇ ಕುಂಟುತ್ತ ಹೊರಗೆ ಹೋಗಿದ್ದ. ಆದರೆ ನಿಜ ಹೇಳಬೇಕೆಂದರೆ ಆ ಬೆಳಿಗ್ಗೆ ಸೋಲಿನ ಕಡೆಗೆ ನನ್ನ ಮನಸ್ಸೇ ಇರಲಿಲ್ಲ. ನಾನು ಕಂಡದ್ದು ಸುಳ್ಳಲ್ಲ, ಅಷ್ಟು ಸಾಕಾಗಿತ್ತು. ಆಫೀಸಿಗೆ ಹೋಗುವಾಗ ಲಿಫ್ಟಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಮಧ್ಯಾಹ್ನದೊಳಗೆ ಫೋನಿಗೆ ಸಂದೇಶಗಳು ಶುರುವಾದವು. ಹುಡುಗನನ್ನು ಕೊಡುತ್ತೀರಾ, ಬದಲಿಗೆ ಇವನನ್ನು ಕೊಡುತ್ತೇನೆ, ಅವನನ್ನು ಕೊಡುತ್ತೇನೆ. ಮ್ಯಾನೇಜರ್ ಮಾತ್ರ ಏನನ್ನೂ ಕೇಳದೆ ಒಂದು ಆಲಿವ್ ಬೀಜದ ಫೋಟೋ ಕಳಿಸಿದ್ದರು. ಕೇಳಿದ ಎಲ್ಲರಿಗೂ ಇಲ್ಲಿಯ ಅರಬ್ಬಿಯಲ್ಲಿ "ಮಾಫಿ", ಅಂದರೆ ಇಲ್ಲ, ಅಂತ ಬರೆದೆ.

ಮುಂದಿನ ಶುಕ್ರವಾರ ನರ್ಸನ್ನೂ ಕರೆದುಕೊಂಡು ಅಲ್ ಶಮಾಲ್ ಕಡೆಯ ಸಮುದ್ರಕ್ಕೆ ಹೊರಟೆವು. ದಾರಿ ನೇರ, ಎರಡೂ ಕಡೆ ಮಣ್ಣಿನ ಬಣ್ಣದ ಬಯಲು. ಗಂಡ ಸ್ಟಿಯರಿಂಗ್ ಹಿಡಿದಿದ್ದ. ಅರ್ಧ ದಾರಿಯಲ್ಲಿ ಗಂಟಲು ಸರಿಮಾಡಿಕೊಂಡ.

"ನನ್ನ ಎರಡು ಛಲೋ ಆಟಗಾರರನ್ನ ಕೊಡತೀನಿ. ಆ ಪೋರನ್ನ ನನಗ ಕೊಡು."

"ಯಾವ ಪೋರ? ಕೈ ಕೊಡೋ ಪೋರಾನ?"

"ಆಟ ಬ್ಯಾರೆ, ಸಂಸಾರ ಬ್ಯಾರೆ."

ಹಿಂದಿನ ಸೀಟಿನಿಂದ ನರ್ಸ್ ಮುಂದಕ್ಕೆ ಬಗ್ಗಿ, "ಚೇಚಿ, ಕೊಡಬೇಡಿ. ಈ ವಾರ ಅವನ ಎದುರಿಗೆ ನಿಲ್ಲುವವನಿಗೆ ಹಿಮ್ಮಡಿ ನೋವಂತೆ, ನಾನು ಓದಿದೆ" ಅಂದಳು. ಯಾವ ಹಿಮ್ಮಡಿ, ಎಡದ್ದೋ ಬಲದ್ದೋ ಅಂತ ನಾನು ಪೂರ್ತಿ ಹಿಂದಕ್ಕೆ ತಿರುಗಿ ಕೂತೆ.