ಹೌದಮ್ಮನ ನೌಕರಿ

ಫ್ರಿಜ್ಜು, ವಾಷಿಂಗ್ ಮಶೀನು ಮಾರುವ ಕಂಪನಿಯೊಂದರ ದೂರು ವಿಭಾಗದಲ್ಲಿ ಅವಳಿಗೆ ಸಿಕ್ಕಿದ್ದು ಒಂದೇ ಮಾತಿನ ಕೆಲಸ. ಗಿರಾಕಿಗಳ ಫೋನಿಗೆ ಉತ್ತರಿಸುತ್ತಿದ್ದದ್ದು ಯಂತ್ರ. ಅದರ ದನಿಯನ್ನು ಮಾತ್ರ ಅವಳಿಂದಲೇ ಪಡೆದಿದ್ದರು. ಅಷ್ಟರಲ್ಲಿ ಸರ್ಕಾರದ ಹೊಸ ನಿಯಮ ಬಂತು: ‘ನೀವು ಮನುಷ್ಯರೇ?’ ಎಂದು ಗಿರಾಕಿ ಕೇಳಿದರೆ ಯಂತ್ರ ಸುಳ್ಳು ಹೇಳಕೂಡದು. ಕಾನೂನು ವಿಭಾಗದ ಮಹಾಶಯರು ತಲೆ ಓಡಿಸಿದರು. ಯಂತ್ರ ಯಾಕೆ ಸುಳ್ಳು ಹೇಳಬೇಕು? ಆ ಪ್ರಶ್ನೆ ಬಂದೊಡನೆ ಲೈನು ಇವಳಿಗೆ ಬರಲಿ, ಇವಳು ‘ಹೌದು, ನಾನು ಮನುಷ್ಯಳೇ’ ಎನ್ನಲಿ, ಲೈನು ಮತ್ತೆ ಯಂತ್ರಕ್ಕೆ ಹೋಗಲಿ. ಇಂಥ ಬುದ್ಧಿಗೂ ಸಂಬಳ ಕೊಡುವವರಿದ್ದಾರೆ.

ಇದನ್ನು ಕೇಳಿ ಅವಳ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕು, ‘ಹೌದಮ್ಮ’ ಎಂದು ಹೆಸರಿಟ್ಟಳು. ಅದೇ ನಿಂತಿತು. ಕೈತೊಳೆಯುವ ಕೋಣೆಯ ಪಕ್ಕದ ಗಾಜಿನ ಗೂಡಿನಲ್ಲಿ, ಒಂದು ಚಕ್ರ ಉದುರಿದ ಕುರ್ಚಿಯ ಮೇಲೆ ಹೌದಮ್ಮ ಸ್ವೆಟರ್ ಹೆಣೆಯುತ್ತ ಕೂರುತ್ತಿದ್ದಳು. ಮ್ಯಾನೇಜರು ಆಗಾಗ ಇಣುಕಿ, ನೀವೇ ನಮ್ಮ ಕಂಪನಿಯ ಹೃದಯ ಎಂದು ಹೊಗಳಿ ಹೋಗುತ್ತಿದ್ದ. ಕುರ್ಚಿ ಬದಲಿಸಲು ಕೇಳಿದಾಗ ಮಾತ್ರ ಅವನಿಗೆ ಕಿವಿ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೆಂಗಸೊಬ್ಬಳು ಅಳುದನಿಯಲ್ಲಿ ಆ ಪ್ರಶ್ನೆ ಕೇಳಿದಳು. ಹೌದಮ್ಮ ತನ್ನ ಮಾತು ಹೇಳಿದಳು.

“ಅಬ್ಬ, ಸದ್ಯ. ಹಾಗಾದ್ರೆ ಮೊದ್ಲಿಂದ ಹೇಳ್ತೀನಿ. ಫ್ರಿಜ್ಜು ನಿಂತೋಗಿದೆ. ಒಳಗೆ ಮಗನ ಇನ್ಸುಲಿನ್ ಇದೆ, ಅದು ಕೆಟ್ಟೋದ್ರೆ...”

ಲೈನು ಯಂತ್ರಕ್ಕೆ ಜಾರಿತು. ಹೌದಮ್ಮನ ಕಿವಿಗೆ ಈಗ ಬಿದ್ದದ್ದು ಅವಳದೇ ದನಿ. ಹೊಸ ಮಾಡೆಲ್ ಕೊಂಡರೆ ರಿಯಾಯಿತಿ ಇದೆ ಎಂದು ಅದು ಆ ತಾಯಿಗೆ ಉಲಿಯುತ್ತಿತ್ತು. ಹೌದಮ್ಮನಿಗೆ ಮೈ ಉರಿದುಹೋಯಿತು. ಗುಂಡಿ ಒತ್ತಿ ಲೈನನ್ನು ವಾಪಸ್ ಎಳೆದುಕೊಂಡಳು.

“ಅಕ್ಕಾ, ಅದು ಮಶೀನು. ನಾನು ಬರೀ ಹೌದು ಅನ್ನೋಕೆ ಕೂತಿರೋಳು. ಔಷಧಿನ ಮೊದ್ಲು ಪಕ್ಕದ ಮನೆ ಫ್ರಿಜ್ಜಲ್ಲಿಡಿ. ಆಮೇಲೆ ಗ್ರಾಹಕರ ಕೋರ್ಟಿಗೆ ದೂರು ಕೊಡಿ. ನಾನು ಹೇಳಿದ್ದನ್ನೂ ಬರೀರಿ.”

ಆಮೇಲೆ ಆ ಪ್ರಶ್ನೆ ಕೇಳಿದವರಿಗೆಲ್ಲ, ಅದು ಮಶೀನು ಎಂದೇ ಹೇಳಿದಳು. ಮ್ಯಾನೇಜರು ಓಡಿಬಂದು, ಏನು ಮಾಡ್ತಿದೀರಿ ಅಂತ ಗೊತ್ತಾ ಎಂದು ಕೇಳಿದ. ನಿಜ ಹೇಳ್ತಿದೀನಿ, ನಿಯಮ ಇದೆಯಲ್ಲ ಎಂದಳು. ಸಂಜೆಯೊಳಗೆ ನೌಕರಿ ಹೋಯಿತು.

ತಾಯಿ ದೂರು ಕೊಟ್ಟಳು. ಹೌದಮ್ಮ ಹೋಗಿ ಸಾಕ್ಷಿ ಹೇಳಿದಳು. ಹೌದಮ್ಮನೂ ವ್ಯವಸ್ಥೆಯ ಒಂದು ಭಾಗ, ಹೌದು ಎಂದದ್ದು ಮನುಷ್ಯಳೇ, ಯಂತ್ರ ಸುಳ್ಳು ಹೇಳಿಲ್ಲ ಎಂದು ಕಂಪನಿಯ ವಕೀಲರು ಕೋಟಿನ ಗುಂಡಿ ನೇವರಿಸುತ್ತ ವಾದಿಸಿದರು. ಕೋರ್ಟಿನವರು ಒಪ್ಪಲಿಲ್ಲ. ದಂಡ ಹಾಕಿದರು, ಯಂತ್ರ ಮೊದಲೇ ತಾನು ಯಂತ್ರವೆಂದು ತಿಳಿಸಬೇಕು, ಕೇಳಿದವರಿಗೆ ಪೂರಾ ಮಾತಾಡುವ ಮನುಷ್ಯರನ್ನು ಕೊಡಬೇಕು ಎಂದರು. ಕಂಪನಿ ಯಂತ್ರದಿಂದ ಹಾಗೆ ಹೇಳಿಸಿತು, ಸೀನು ಬಂದಷ್ಟು ವೇಗವಾಗಿ, ಯಾರಿಗೂ ಅರ್ಥವಾಗದ ಹಾಗೆ.

ಹೌದಮ್ಮ ಅಷ್ಟು ಹೊತ್ತಿಗೆ ಪರದೆ ಬಟ್ಟೆಯ ಅಂಗಡಿ ಸೇರಿದ್ದಳು. ಮ್ಯಾನೇಜರು ಅಲ್ಲಿಗೇ ಫೋನು ಮಾಡಿ, ಪೂರಾ ಮಾತಾಡುವ ಕೆಲಸಕ್ಕೆ ಬನ್ನಿ ಎಂದು ಬೇಡಿಕೊಂಡ. ಅವಳು ಅವನಿಂದ ಎಲ್ಲವನ್ನೂ ಎರಡು ಸಲ ಹೇಳಿಸಿದಳು.

“ಬರಲ್ಲ ಸಾರ್. ನಿಮ್ಮಂಥೋರ ಜೊತೆ ಮಾತಾಡೋಕೆ ಆ ಮಶೀನೇ ಸರಿ,” ಎಂದು ಫೋನಿಟ್ಟು, ಕಾಯುತ್ತಿದ್ದ ಗಿರಾಕಿಯ ಕಿಟಕಿಯ ಅಳತೆ ಕೇಳಿದಳು.